ಡೌನ್‌ಲೋಡ್ ಬಟನ್ ಹಾಕಿದರೆ ಮುಗಿಯಲಿಲ್ಲ: ವೆಬ್ ಆಪ್‌ನಿಂದ ಎಕ್ಸೆಲ್ ಫೈಲ್ ಕೊಡುವುದು ಹೇಗೆ?

ನಮ್ಮೂರಿನ ಕಡೆಯ ಒಂದು ಹಾಲಿನ ಡೈರಿಗೆ ನಾನು ಚಿಕ್ಕದೊಂದು ವೆಬ್ ಆಪ್ ಬರೆದುಕೊಟ್ಟಿದ್ದೆ. ಬೆಳಿಗ್ಗೆ, ಸಂಜೆ ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು, ದರ ಎಷ್ಟು, ಮೊತ್ತ ಎಷ್ಟು. ಇಷ್ಟೇ ಅದರ ಕೆಲಸ. ಎಲ್ಲ ಮುಗಿದ ಮೇಲೆ ಕಾರ್ಯದರ್ಶಿಯವರು ಒಂದೇ ಮಾತು ಕೇಳಿದರು. "ಇದನ್ನ ಎಕ್ಸೆಲ್‌ನಲ್ಲಿ ಕೊಡೋಕಾಗುತ್ತಾ ಸರ್?"

ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಸಿಎಸ್‌ವಿ ಫೈಲ್ ಇಳಿಯುವ ಬಟನ್ ಒಂದನ್ನು ಹಾಕಿಕೊಟ್ಟೆ. ಮರುದಿನ ಬೆಳಿಗ್ಗೆಯೇ ಫೋನ್ ಬಂತು. ಸದಸ್ಯರ ಹೆಸರುಗಳೆಲ್ಲ ಅರ್ಥವಿಲ್ಲದ ಗುರುತುಗಳಾಗಿದ್ದವು. ಬ್ಯಾಂಕ್ ಖಾತೆ ನಂಬರಿನ ಮೊದಲಿನ ಸೊನ್ನೆಗಳು ಹೋಗಿದ್ದವು. ಮನೆ ನಂಬರ್ 12/3 ಇದ್ದದ್ದು ಮಾರ್ಚ್ 12 ಅನ್ನುವ ತಾರೀಕಾಗಿತ್ತು. ಅವತ್ತು ಬಟವಾಡೆಯ ದಿನ. ಹಣಕ್ಕೆ ಕಾಯುತ್ತಿದ್ದ ಜನರ ಮುಂದೆ ಅವರು ಪುಸ್ತಕ ತೆಗೆದು ಕೈಯಲ್ಲೇ ಲೆಕ್ಕ ಬರೆಯಬೇಕಾಯಿತು.

ನನ್ನ ಡೇಟಾಬೇಸ್‌ನಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಫೈಲ್ ಸರಿಯಾಗಿಯೇ ಇಳಿದಿತ್ತು. ಕೆಟ್ಟದ್ದು ಆಮೇಲೆ, ಅವರು ಅದನ್ನು ಡಬಲ್ ಕ್ಲಿಕ್ ಮಾಡಿ ತೆರೆದಾಗ. ಫೈಲನ್ನು ಯಾರು, ಯಾವ ಕಂಪ್ಯೂಟರಿನಲ್ಲಿ, ಹೇಗೆ ತೆರೆಯುತ್ತಾರೆ ಅನ್ನುವಲ್ಲಿಂದ ಕೆಲಸ ಶುರು ಮಾಡಬೇಕು ಅಂತ ನನಗೆ ಗೊತ್ತಾದದ್ದು ಆಗ. ಕೆಳಗಿನ ಹಂತಗಳನ್ನು ಅದೇ ದಾರಿಯಲ್ಲಿ ಬರೆದಿದ್ದೇನೆ. ನಾನು ಬಳಸಿದ್ದು ಪೈಥಾನ್ ಮತ್ತು ಅದರ ವೆಬ್ ಫ್ರೇಮ್‌ವರ್ಕ್ ಜಾಂಗೊ. ನೀವು ಪಿಎಚ್‌ಪಿಯಲ್ಲೋ ನೋಡ್‌ನಲ್ಲೋ ಬರೆಯುವವರಾದರೂ ತೊಂದರೆಗಳು ಇವೇ, ಪರಿಹಾರವೂ ಹೆಚ್ಚು ಕಡಿಮೆ ಇದೇ.

ಹಂತ 1: ಸಿಎಸ್‌ವಿಯೋ, ಎಕ್ಸ್‌ಎಲ್‌ಎಸ್‌ಎಕ್ಸೋ?

ಸಿಎಸ್‌ವಿ ಅಂದರೆ ಬರೀ ಅಕ್ಷರಗಳ ಫೈಲ್. ಸಾಲಿಗೊಂದು ದಾಖಲೆ, ನಡುವೆ ಅಲ್ಪವಿರಾಮ. ಯಾವ ಅಂಕಣ ಸಂಖ್ಯೆ, ಯಾವುದು ತಾರೀಕು, ಯಾವುದು ಬರಹ ಅನ್ನುವ ಮಾಹಿತಿ ಅದರೊಳಗೆ ಇರುವುದೇ ಇಲ್ಲ. ಹಾಗಾಗಿ ತೆರೆಯುವ ಪ್ರೋಗ್ರಾಂ ತಾನೇ ಊಹಿಸುತ್ತದೆ. ನಮ್ಮ ಡೈರಿಯಲ್ಲಿ ಆದದ್ದೆಲ್ಲ ಈ ಊಹೆಯ ಫಲ.

ಎಕ್ಸ್‌ಎಲ್‌ಎಸ್‌ಎಕ್ಸ್ ಹಾಗಲ್ಲ. ಎಕ್ಸೆಲ್ 2007ರ ಜೊತೆ ಬಂದ ಈ ಮಾದರಿ ನಿಜಕ್ಕೂ ಒಂದು ಜಿಪ್ ಫೈಲ್. ಅದರೊಳಗೆ ಎಕ್ಸ್‌ಎಂಎಲ್ ಕಡತಗಳಿರುತ್ತವೆ. ಪ್ರತಿ ಕೋಶಕ್ಕೂ ಇದು ಬರಹ, ಇದು ಸಂಖ್ಯೆ ಅಂತ ನೀವೇ ಹೇಳಿ ಕಳಿಸಬಹುದು. ಊಹೆಗೆ ಜಾಗವಿಲ್ಲ.

ನನ್ನ ಅಭಿಪ್ರಾಯ ನೇರವಾಗಿದೆ. ಫೈಲನ್ನು ಮನುಷ್ಯರು ತೆರೆಯುವುದಾದರೆ ಎಕ್ಸ್‌ಎಲ್‌ಎಸ್‌ಎಕ್ಸ್ ಕೊಡಿ. ಇನ್ನೊಂದು ಸಾಫ್ಟ್‌ವೇರ್ ಓದುವುದಾದರೆ ಸಿಎಸ್‌ವಿ ಕೊಡಿ. ಎರಡೂ ಬೇಕಾದರೆ ಎರಡು ಬಟನ್ ಹಾಕಿ, ಆದರೆ ಎಕ್ಸೆಲ್ ಬಟನ್ ಮೊದಲು ಕಾಣಲಿ.

ಹಳೆಯ ಎಕ್ಸ್‌ಎಲ್‌ಎಸ್ ಮಾದರಿಯನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಒಂದು ಹಾಳೆಗೆ 65,536 ಸಾಲು ಮಾತ್ರ. 300 ಸದಸ್ಯರು ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ ದಿನಕ್ಕೆ 600 ಸಾಲು. 109 ದಿನಕ್ಕೆ ಹಾಳೆ ತುಂಬಿಹೋಗುತ್ತದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಇದೇ ಮಿತಿ ದೊಡ್ಡ ಅನಾಹುತಕ್ಕೆ ಕಾರಣವಾಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಹಳೆಯ ಎಕ್ಸ್‌ಎಲ್‌ಎಸ್ ಹಾಳೆಗೆ ತುಂಬುತ್ತಿದ್ದರು. ಹಿಡಿಸದ ಸಾಲುಗಳು ಸದ್ದಿಲ್ಲದೆ ಉದುರಿದವು. ಆ ಜನರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸವೂ ತಡವಾಯಿತು.

ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಒಂದು ಹಾಳೆಗೆ 10,48,576 ಸಾಲು, 16,384 ಅಂಕಣ ಹಿಡಿಸುತ್ತವೆ. ನಮ್ಮ ಡೈರಿಯ ವರ್ಷದ ಲೆಕ್ಕ 2,19,000 ಸಾಲು. ಸಾಕಷ್ಟು ಜಾಗವಿದೆ. ಆದರೂ ಕೋಡಿನಲ್ಲಿ ಸಾಲು ಎಣಿಸಿ, ಮಿತಿ ದಾಟಿದರೆ ಎರಡನೇ ಹಾಳೆಗೆ ಹೋಗುವ ಏರ್ಪಾಡು ಮಾಡಿ. ಇಲ್ಲವೇ ಅವಧಿ ಕಡಿಮೆ ಮಾಡಿ ಅಂತ ಬಳಕೆದಾರರಿಗೆ ಹೇಳಿ. ಉಳಿದದ್ದನ್ನು ಸುಮ್ನೆ ಬಿಟ್ಟು ಫೈಲ್ ಕೊಡುವುದು ಮಾತ್ರ ಬೇಡವೇ ಬೇಡ.

ಹಂತ 2: ಸಿಎಸ್‌ವಿಯಲ್ಲಿ ಕನ್ನಡ ಉಳಿಸಿಕೊಳ್ಳುವುದು

ಸಿಎಸ್‌ವಿಯೇ ಬೇಕು ಅನ್ನುವವರು ಈ ಹಂತವನ್ನು ಬಿಡಬೇಡಿ. ಕನ್ನಡದ ಹೆಸರುಗಳು ಕೆಡುವ ಜಾಗ ಇದು.

ಯೂನಿಕೋಡ್‌ನ ಕನ್ನಡ ಅಕ್ಷರಗಳು ಯುಟಿಎಫ್-8ರಲ್ಲಿ, ಅಂದರೆ ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಪದ್ಧತಿಯಲ್ಲಿ, ತಲಾ ಮೂರು ಬೈಟ್ ಹಿಡಿಯುತ್ತವೆ. ದೀರ್ಘ, ಗುಣಿತದ ಚಿಹ್ನೆಗಳಿಗೂ ಬೇರೆ ಬೇರೆಯಾಗಿ ಮೂರು ಮೂರು. ವಿಂಡೋಸ್‌ನಲ್ಲಿ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ಅದನ್ನು ಯುಟಿಎಫ್-8 ಅಂದುಕೊಳ್ಳುವುದಿಲ್ಲ. ಒಂದು ಬೈಟ್‌ಗೆ ಒಂದು ಅಕ್ಷರ ಅನ್ನುವ ಹಳೆಯ ಇಂಗ್ಲಿಷ್ ಕೋಡ್‌ಪೇಜ್‌ನಲ್ಲಿ ಓದುತ್ತದೆ. ಆಗ ನಮ್ಮ "ಕ" ಮೂರು ಗುರುತುಗಳಾಗಿ ಒಡೆಯುತ್ತದೆ: ಮೇಲೆ ಓರೆಗೆರೆಯಿರುವ ಇಂಗ್ಲಿಷಿನ ಎ, ಮೇಲಕ್ಕೆ ಬರೆದ ಸಣ್ಣ 2, ಒಂದು ದಪ್ಪ ಚುಕ್ಕೆ. ಕನ್ನಡದ ಯಾವ ಅಕ್ಷರವಾದರೂ ಮೊದಲಿಗೆ ಆ ಎ ಬರುತ್ತದೆ, ಹಿಂದೆಯೇ ಸಣ್ಣ 2 ಅಥವಾ ಸಣ್ಣ 3 ಬರುತ್ತದೆ. ಹಾಳೆಯ ತುಂಬ ಈ ಜೋಡಿ ಕಂಡರೆ ಗಾಬರಿಯಾಗಬೇಡಿ. ಅದು ಯುಟಿಎಫ್-8 ಕನ್ನಡವೇ, ಓದಿದ ರೀತಿ ಮಾತ್ರ ತಪ್ಪು. ಆದರೆ ಅದೇ ಸ್ಥಿತಿಯಲ್ಲಿ ಸೇವ್ ಒತ್ತಬೇಡಿ ಅಂತ ಬಳಕೆದಾರರಿಗೆ ಹೇಳಿ. ಸೇವ್ ಮಾಡಿದರೆ ಆ ಗುರುತುಗಳೇ ಫೈಲಿನೊಳಗೆ ಕೂತುಬಿಡುತ್ತವೆ.

ಪರಿಹಾರ ಮೂರೇ ಬೈಟ್. ಫೈಲಿನ ಶುರುವಿನಲ್ಲಿ ಬಾಮ್ ಅನ್ನುವ ಗುರುತು ಹಾಕಿ: ಇಎಫ್, ಬಿಬಿ, ಬಿಎಫ್. ಅದನ್ನು ಕಂಡರೆ ಎಕ್ಸೆಲ್ ಇದು ಯುಟಿಎಫ್-8 ಅಂತ ತಿಳಿಯುತ್ತದೆ. ಪೈಥಾನ್‌ನಲ್ಲಿ ಡಿಸ್ಕಿಗೆ ಫೈಲ್ ಬರೆಯುವಾಗ ಎನ್‌ಕೋಡಿಂಗ್ ಹೆಸರನ್ನು ಯುಟಿಎಫ್-8-ಸಿಗ್ ಅಂತ ಕೊಟ್ಟರೆ ಸಾಕು, ಬಾಮ್ ತಾನಾಗಿ ಬರುತ್ತದೆ. ಜಾಂಗೊದ ರೆಸ್ಪಾನ್ಸ್‌ಗೆ (ಬ್ರೌಸರಿಗೆ ಹೋಗುವ ಉತ್ತರಕ್ಕೆ) ನೇರವಾಗಿ ಸಾಲು ಸಾಲಾಗಿ ಬರೆಯುವಾಗ ಮಾತ್ರ ಈ ಹೆಸರು ಬಳಸಬೇಡಿ. ಅಲ್ಲಿ ಪ್ರತಿ ತುಣುಕೂ ಬೇರೆಯಾಗಿ ಎನ್‌ಕೋಡ್ ಆಗುತ್ತದೆ, ಹಾಗಾಗಿ ಪ್ರತಿ ಸಾಲಿನ ಮುಂದೆಯೂ ಒಂದೊಂದು ಬಾಮ್ ಸೇರುತ್ತದೆ. ಕಣ್ಣಿಗೆ ಕಾಣದ ಆ ಗುರುತಿನಿಂದ ಮುಂದೆ ಹುಡುಕಾಟವೂ ವಿಂಗಡಣೆಯೂ ಕೆಡುತ್ತವೆ. ಸಾಮಾನ್ಯ ಯುಟಿಎಫ್-8 ಇಟ್ಟುಕೊಂಡು, ಎಲ್ಲಕ್ಕಿಂತ ಮೊದಲು ಬಾಮ್ ಅಕ್ಷರವನ್ನು ಒಂದೇ ಒಂದು ಸಲ ಬರೆಯಿರಿ.

ಸಾಲುಗಳನ್ನು ನೀವೇ ಅಲ್ಪವಿರಾಮ ಹಾಕಿ ಜೋಡಿಸಲು ಹೋಗಬೇಡಿ. ವಿಳಾಸದೊಳಗೆ ಒಂದು ಅಲ್ಪವಿರಾಮ ಇದ್ದರೂ ಅಂಕಣಗಳೆಲ್ಲ ಪಕ್ಕಕ್ಕೆ ಸರಿಯುತ್ತವೆ. ಅಲ್ಪವಿರಾಮ, ಜೋಡಿ ಉದ್ಧರಣ ಚಿಹ್ನೆ ಅಥವಾ ಹೊಸ ಸಾಲು ಇರುವ ಬರಹವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಇಡಬೇಕು, ಒಳಗಿನ ಚಿಹ್ನೆಯನ್ನು ಎರಡು ಸಲ ಬರೆಯಬೇಕು. 2005ರ ಆರ್‌ಎಫ್‌ಸಿ 4180 ಅನ್ನುವ ಇಂಟರ್ನೆಟ್ ದಾಖಲೆಯಲ್ಲಿ ಈ ಪದ್ಧತಿ ಬರೆದಿಟ್ಟಿದೆ. ಪೈಥಾನ್‌ನ ಸಿಎಸ್‌ವಿ ಮಾಡ್ಯೂಲ್ ಇದನ್ನೆಲ್ಲ ತಾನೇ ನೋಡಿಕೊಳ್ಳುತ್ತದೆ.

ಖಾತೆ ನಂಬರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಸೊನ್ನೆ ಉಳಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ನಾನೂ ನಂಬಿದ್ದೆ. ಉಳಿಯುವುದಿಲ್ಲ. ಎಕ್ಸೆಲ್ ಚಿಹ್ನೆ ತೆಗೆದು ಒಳಗಿನದನ್ನು ನೋಡಿ, ಸಂಖ್ಯೆಯಂತೆ ಕಂಡರೆ ಸಂಖ್ಯೆಯನ್ನೇ ಮಾಡುತ್ತದೆ. 12 ಅಂಕಿ ಅಥವಾ ಇನ್ನೂ ಉದ್ದದ ನಂಬರುಗಳು ಇ-ಪ್ಲಸ್ ಸೇರಿದ ವೈಜ್ಞಾನಿಕ ರೂಪದಲ್ಲಿ ಕಾಣುತ್ತವೆ. 15 ಅಂಕಿ ದಾಟಿದರೆ ಇನ್ನೂ ಕಷ್ಟ, 16ನೆಯ ಅಂಕಿಯಿಂದ ಮುಂದಿನದೆಲ್ಲ ಸೊನ್ನೆಯಾಗುತ್ತದೆ. ಬ್ಯಾಂಕ್ ಖಾತೆಯ ವಿಷಯದಲ್ಲಿ ಇದು ಎಷ್ಟು ಅಪಾಯ ಅಂತ ಹೇಳಬೇಕಾಗಿಲ್ಲ ಅಲ್ವಾ?

ಈ ತಾನಾಗಿ ಬದಲಾಗುವ ಕಾಟ ವಿಜ್ಞಾನಿಗಳನ್ನೂ ಬಿಟ್ಟಿಲ್ಲ. ಮನುಷ್ಯನ ಜೀನ್‌ಗಳಲ್ಲಿ ಸೆಪ್ಟ್1, ಮಾರ್ಚ್1 ಅನ್ನುವ ಚಿಕ್ಕ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ತಾರೀಕು ಮಾಡುತ್ತಿತ್ತು. ಕೊನೆಗೆ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, ಅವನ್ನು ಸೆಪ್ಟಿನ್1, ಮಾರ್ಚ್‌ಎಫ್1 ಅಂತ ಬದಲಾಯಿಸಿತು. 2020ರ ಮಾರ್ಗಸೂಚಿಯಲ್ಲಿ ಇದನ್ನು ಹೇಳಿದ್ದಾರೆ.

ಹಂತ 3: ಎಕ್ಸ್‌ಎಲ್‌ಎಸ್‌ಎಕ್ಸ್ ಕಟ್ಟುವುದು

ಪೈಥಾನ್‌ನಲ್ಲಿ ಇದಕ್ಕೆ ಎರಡು ಒಳ್ಳೆಯ ಲೈಬ್ರರಿಗಳಿವೆ: ಓಪನ್‌ಪೈಎಕ್ಸೆಲ್ ಮತ್ತು ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್. ಮೊದಲನೆಯದು ಓದುತ್ತದೆ, ಬರೆಯುತ್ತದೆ. ಎರಡನೆಯದು ಬರೀ ಬರೆಯುತ್ತದೆ. ಪಿಎಚ್‌ಪಿಯವರಿಗೆ ಪಿಎಚ್‌ಪಿಸ್ಪ್ರೆಡ್‌ಶೀಟ್, ನೋಡ್‌ನವರಿಗೆ ಎಕ್ಸೆಲ್‌ಜೆಎಸ್, ಜಾವಾದವರಿಗೆ ಅಪಾಚೆ ಪಿಒಐ ಇವೆ.

ಕೋಡ್ ಬರೆಯುವ ಮೊದಲು ಕಾಗದದ ಮೇಲೆ ಅಂಕಣಗಳ ಪಟ್ಟಿ ಮಾಡಿ. ಪ್ರತಿಯೊಂದರ ಪಕ್ಕ ಇದು ಬರಹವೋ, ಸಂಖ್ಯೆಯೋ, ತಾರೀಕೋ ಅಂತ ಬರೆಯಿರಿ. ನನ್ನ ಅಳತೆಗೋಲು ಸರಳ: ಕೂಡಿಸುವ ಅಥವಾ ಸರಾಸರಿ ತೆಗೆಯುವ ಅಂಕಣವಾದರೆ ಅದು ಸಂಖ್ಯೆ. ಇಲ್ಲದಿದ್ದರೆ ಅಂಕಿಗಳಿದ್ದರೂ ಅದು ಬರಹ. ಲೀಟರ್, ಫ್ಯಾಟ್, ದರ, ಮೊತ್ತ ಸಂಖ್ಯೆಗಳು. ಸದಸ್ಯರ ಕೋಡ್, ಫೋನ್, ಖಾತೆ, ಪಿನ್‌ಕೋಡ್, ಮನೆ ನಂಬರ್ ಎಲ್ಲ ಬರಹ. ಬರಹದ ಕೋಶಗಳಿಗೆ ನಂಬರ್ ಫಾರ್ಮ್ಯಾಟ್ ಜಾಗದಲ್ಲಿ @ ಗುರುತು ಕೊಡಿ. ಹಾಗೆ ಮಾಡಿದರೆ ಬಳಕೆದಾರರು ಆ ಕೋಶವನ್ನು ತಿದ್ದಿ ಎಂಟರ್ ಒತ್ತಿದರೂ ಸೊನ್ನೆ ಉಳಿಯುತ್ತದೆ.

ಮೊತ್ತವನ್ನು ನೀವೇ "1,25,000" ಅಂತ ಅಲ್ಪವಿರಾಮ ಹಾಕಿ ಬರಹವಾಗಿ ಕಳಿಸಬೇಡಿ. ನೋಡಲು ಚೆನ್ನಾಗಿರುತ್ತದೆ, ಆದರೆ ಕೂಡಿಸಲು ಹೋದರೆ ಮೊತ್ತ ಸೊನ್ನೆ ಬರುತ್ತದೆ. ಬರೀ ಸಂಖ್ಯೆ ಕಳಿಸಿ, ರೂಪವನ್ನು ಫಾರ್ಮ್ಯಾಟಿಗೆ ಬಿಡಿ. ನಮ್ಮ ಲಕ್ಷ, ಕೋಟಿಯ ಲೆಕ್ಕಕ್ಕೆ ಈ ಫಾರ್ಮ್ಯಾಟ್ ಕೆಲಸ ಮಾಡುತ್ತದೆ:

[>=10000000]##\,##\,##\,##0.00;[>=100000]##\,##\,##0.00;##,##0.00

ರೂಪಾಯಿ ಗುರುತನ್ನು ಪ್ರತಿ ಕೋಶದಲ್ಲಿ ಹಾಕುವ ಬದಲು ಅಂಕಣದ ತಲೆಬರಹದಲ್ಲಿ "ಮೊತ್ತ, ರೂ." ಅಂತ ಬರೆದರೆ ಸಾಕು.

ತಾರೀಕಿನ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ. ಜಾಂಗೊದಲ್ಲಿ ಟೈಮ್‌ಝೋನ್ ಚಾಲೂ ಇದ್ದರೆ ಡೇಟಾಬೇಸ್‌ನಿಂದ ಬರುವ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿನ ಪ್ರಮಾಣಿತ ಸಮಯದಲ್ಲಿರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಏಪ್ರಿಲ್ 1ರ ಬೆಳಗಿನ ಜಾವ 5:15ಕ್ಕೆ ಯಾರೋ ಹಾಲು ಹಾಕಿದರು ಅಂದುಕೊಳ್ಳಿ. ಯುಟಿಸಿಯಲ್ಲಿ ಆಗ ಮಾರ್ಚ್ 31ರ ರಾತ್ರಿ 11:45. ಹಾಗೇ ಬರೆದರೆ ಆ ಹಾಲು ಹಿಂದಿನ ಆರ್ಥಿಕ ವರ್ಷಕ್ಕೆ ಹೋಗುತ್ತದೆ.

ಎಕ್ಸೆಲ್‌ನ ತಾರೀಕಿನಲ್ಲಿ ಟೈಮ್‌ಝೋನ್ ಇಡುವ ಜಾಗವೇ ಇಲ್ಲ. ಹಾಗಾಗಿ ಟೈಮ್‌ಝೋನ್ ಇರುವ ಸಮಯ ಕೊಟ್ಟರೆ ಓಪನ್‌ಪೈಎಕ್ಸೆಲ್ ಎರರ್ ಕೊಡುತ್ತದೆ. ಆ ಎರರ್ ಕಂಡ ಕೂಡಲೇ ಟೈಮ್‌ಝೋನ್ ಕಿತ್ತುಹಾಕಿ ಮುಂದೆ ಹೋಗುವವರು ಜಾಸ್ತಿ. ಎರರ್ ಹೋಗುತ್ತದೆ, ತಪ್ಪು ತಾರೀಕು ಉಳಿಯುತ್ತದೆ. ಮೊದಲು ಜಾಂಗೊದ ಲೋಕಲ್‌ಟೈಮ್ ಬಳಸಿ ಏಷ್ಯಾ/ಕೋಲ್ಕತಾ ಸಮಯಕ್ಕೆ ತನ್ನಿ. ಆಮೇಲೆ ಟೈಮ್‌ಝೋನ್ ತೆಗೆಯಿರಿ. ಈ ಕ್ರಮ ತಪ್ಪಬಾರದು.

ಫಾರ್ಮ್ಯಾಟ್ ವಿಷಯಕ್ಕೆ ಬಂದರೆ, ತಿಂಗಳನ್ನು ಅಕ್ಷರದಲ್ಲಿ ತೋರಿಸುವ ರೂಪ ನನಗೆ ಇಷ್ಟ. 03/04 ಅಂದರೆ ಏಪ್ರಿಲ್ ಮೂರೋ, ಮಾರ್ಚ್ ನಾಲ್ಕೋ ಅನ್ನುವ ಗೊಂದಲವೇ ಬರುವುದಿಲ್ಲ.

ಇನ್ನು ಹಾಳೆಯ ಅಂದ. ಮೊದಲ ಸಾಲನ್ನು ಫ್ರೀಜ್ ಮಾಡಿ, ಫಿಲ್ಟರ್ ಹಾಕಿ, ಅಂಕಣಗಳ ಅಗಲ ಕೊಡಿ. ಅಗಲ ಕಡಿಮೆಯಾದರೆ ಸಂಖ್ಯೆ, ತಾರೀಕುಗಳ ಜಾಗದಲ್ಲಿ ಬರೀ # ಗುರುತು ಕಾಣುತ್ತದೆ, ಡೇಟಾ ಹೋಯಿತು ಅಂತ ಜನ ಹೆದರುತ್ತಾರೆ. ಹಾಳೆಯ ಹೆಸರು 31 ಅಕ್ಷರ ಮೀರಬಾರದು, ಅದರಲ್ಲಿ ಓರೆಗೆರೆಯೂ ಇರಬಾರದು. "ಹಾಲು 01/06" ಅಂತ ಹೆಸರಿಟ್ಟರೆ ಲೈಬ್ರರಿ ಒಪ್ಪುವುದಿಲ್ಲ. ಒಟ್ಟು ಮೊತ್ತವನ್ನು ಡೇಟಾದ ಕೆಳಗೆ ಸೇರಿಸಬೇಡಿ. ಯಾರಾದರೂ ಫಿಲ್ಟರ್ ಮಾಡಿದರೆ, ವಿಂಗಡಿಸಿದರೆ ಅದು ನಡುವೆ ಸೇರಿಕೊಂಡು ಲೆಕ್ಕ ದುಪ್ಪಟ್ಟಾಗುತ್ತದೆ. "ಒಟ್ಟು" ಅಂತ ಇನ್ನೊಂದು ಹಾಳೆಯನ್ನೇ ಕೊಡಿ.

ಹಂತ 4: ಕೋಶದೊಳಗೆ ಸೂತ್ರ ನುಗ್ಗದಂತೆ

ನಿಮ್ಮ ಆಪ್‌ನಲ್ಲಿ ಹೊರಗಿನವರು ಬರಹ ತುಂಬುವ ಜಾಗವಿದ್ದರೆ ಇದು ಕಡ್ಡಾಯ. ಯಾರೋ ಹೆಸರಿನ ಜಾಗದಲ್ಲಿ = ಗುರುತಿನಿಂದ ಶುರುವಾಗುವ ಬರಹ ಹಾಕಿದರು ಅಂದುಕೊಳ್ಳಿ. ವೆಬ್ ಪುಟದಲ್ಲಿ ಅದು ಬರೀ ಬರಹ. ಎಕ್ಸೆಲ್‌ನಲ್ಲಿ ಅದೇ ಸೂತ್ರ. ಅದು ಹಾಳೆಯ ಮಾಹಿತಿಯನ್ನು ಹೊರಗಿನ ವೆಬ್ ವಿಳಾಸಕ್ಕೆ ಕಳಿಸುವ ಲಿಂಕ್ ಆಗಿರಬಹುದು, ಇನ್ನೂ ಕೆಟ್ಟದ್ದೂ ಆಗಿರಬಹುದು.

ಸಿಎಸ್‌ವಿಯಲ್ಲಿ =, +, -, @, ಟ್ಯಾಬ್ ಇವುಗಳಿಂದ ಶುರುವಾಗುವ ಬರಹದ ಮುಂದೆ ಒಂಟಿ ಉದ್ಧರಣ ಚಿಹ್ನೆ ಸೇರಿಸಿ. ಬರಹದ ಅಂಕಣಗಳಿಗೆ ಮಾತ್ರ. ಮೊತ್ತದ ಅಂಕಣದ -250ಕ್ಕೂ ಹಾಕಿದರೆ ಕಡಿತದ ಲೆಕ್ಕ ಕೆಡುತ್ತದೆ. ಎಕ್ಸ್‌ಎಲ್‌ಎಸ್‌ಎಕ್ಸ್‌ನಲ್ಲಿ ಇದು ಬೇಡ ಅಂತ ಅನಿಸಬಹುದು. ಆದರೆ ಓಪನ್‌ಪೈಎಕ್ಸೆಲ್ = ಇಂದ ಶುರುವಾಗುವ ಬರಹವನ್ನು ತಾನಾಗಿ ಸೂತ್ರ ಅಂತಲೇ ಬರೆಯುತ್ತದೆ. ಕೋಶಕ್ಕೆ ಬರಹ ತುಂಬಿದ ಮೇಲೆ ಅದರ ಡೇಟಾ ಟೈಪನ್ನು ಬರಹ ಅಂತ ನೀವೇ ಬದಲಿಸಬೇಕು. ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್‌ನಲ್ಲಾದರೆ ಬರಹಕ್ಕೆಂದೇ ಇರುವ ರೈಟ್-ಸ್ಟ್ರಿಂಗ್ ಬಳಸಿ.

ಬರಹ ಶುಚಿ ಮಾಡುವ ಉತ್ಸಾಹದಲ್ಲಿ ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ತೆಗೆಯುವ ಕೋಡ್ ಕೂಡ ಕೆಲವರು ಸೇರಿಸುತ್ತಾರೆ. ಕಂಟ್ರೋಲ್ ಅಕ್ಷರಗಳನ್ನು ತೆಗೆಯಿರಿ, ಅವು ಇದ್ದರೆ ಓಪನ್‌ಪೈಎಕ್ಸೆಲ್ ಹೇಗೂ ಎರರ್ ಕೊಡುತ್ತದೆ. ಆದರೆ ಝಡ್‌ಡಬ್ಲ್ಯುಜೆ, ಝಡ್‌ಡಬ್ಲ್ಯುಎನ್‌ಜೆ ಅನ್ನುವ, ಅಕ್ಷರಗಳನ್ನು ಕೂಡಿಸುವ ಬಿಡಿಸುವ ಕಾಣದ ಗುರುತುಗಳನ್ನು ಮುಟ್ಟಬೇಡಿ. "ರ‍್ಯಾಂಕ್" ಅನ್ನುವ ಪದ ಸರಿಯಾಗಿ ಕಾಣುವುದು ಅಂಥ ಒಂದು ಅಕ್ಷರದಿಂದ. ಕಿತ್ತರೆ ರಕಾರ ಅರ್ಕಾವತ್ತಾಗಿ ಕೂರುತ್ತದೆ.

ಹಂತ 5: ಕಳಿಸುವುದು

ರೆಸ್ಪಾನ್ಸ್‌ನಲ್ಲಿ ಎರಡು ಹೆಡರ್ ಮುಖ್ಯ. ಕಂಟೆಂಟ್-ಟೈಪ್ ಫೈಲಿನ ಬಗೆ ಹೇಳುತ್ತದೆ. ಕಂಟೆಂಟ್-ಡಿಸ್ಪೊಸಿಷನ್‌ನಲ್ಲಿ ಅಟ್ಯಾಚ್‌ಮೆಂಟ್ ಅಂತ ಇದ್ದರೆ ಬ್ರೌಸರ್ ಅದನ್ನು ತೆರೆಯದೆ ಇಳಿಸಿಕೊಳ್ಳುತ್ತದೆ. ಫೈಲಿನ ಹೆಸರಿನಲ್ಲಿ ಅವಧಿ ಇರಲಿ. ಬರೀ "ಎಕ್ಸ್‌ಪೋರ್ಟ್" ಅಂತಿದ್ದರೆ ಡೌನ್‌ಲೋಡ್ ಫೋಲ್ಡರಿನಲ್ಲಿ ಹತ್ತು ಎಕ್ಸ್‌ಪೋರ್ಟ್‌ಗಳು ಸೇರಿ ಯಾವುದು ಯಾವ ತಿಂಗಳದ್ದು ಅಂತ ಗೊತ್ತಾಗುವುದಿಲ್ಲ. ಕನ್ನಡದ ಹೆಸರನ್ನೂ ಕೊಡಬಹುದು, ಜಾಂಗೊದ ಫೈಲ್‌ರೆಸ್ಪಾನ್ಸ್ ಅದಕ್ಕೆ ಬೇಕಾದ ಎನ್‌ಕೋಡಿಂಗ್ ಮಾಡಿಕೊಳ್ಳುತ್ತದೆ.

ಒಂದು ತೊಂದರೆಗೆ ನಾನು ಎರಡು ದಿನ ಕಳೆದಿದ್ದೇನೆ, ನಿಮಗೆ ಹಾಗಾಗುವುದು ಬೇಡ. "ಫೈಲ್ ಹಾಳಾಗಿದೆ" ಅಂತ ಎಕ್ಸೆಲ್ ಹೇಳಿದರೆ ಆ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸರಿಯಾದ ಎಕ್ಸ್‌ಎಲ್‌ಎಸ್‌ಎಕ್ಸ್ ಇಂಗ್ಲಿಷಿನ ಪಿ, ಕೆ ಅಕ್ಷರಗಳಿಂದ ಶುರುವಾಗುತ್ತದೆ. ಜಿಪ್ ಮಾದರಿ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲ ಅಕ್ಷರಗಳು ಅವು. ಅದರ ಬದಲು < ಗುರುತು ಕಂಡರೆ ಒಳಗಿರುವುದು ವೆಬ್ ಪುಟ. ಹೆಚ್ಚಾಗಿ ಲಾಗಿನ್ ಅವಧಿ ಮುಗಿದಿರುತ್ತದೆ, ಸರ್ವರ್ ಲಾಗಿನ್ ಪುಟ ಕಳಿಸಿರುತ್ತದೆ, ನಿಮ್ಮ ಜಾವಾಸ್ಕ್ರಿಪ್ಟ್ ಅದನ್ನೇ ಎಕ್ಸೆಲ್ ಅಂತ ಉಳಿಸಿರುತ್ತದೆ. ಜಾವಾಸ್ಕ್ರಿಪ್ಟಿನ ಫೆಚ್ ಬಳಸಿ ಫೈಲ್ ತರುವವರು ಉಳಿಸುವ ಮೊದಲು ಕಂಟೆಂಟ್-ಟೈಪ್ ನೋಡಲೇಬೇಕು.

ಸಾಲುಗಳು ಜಾಸ್ತಿಯಾದಾಗ ಮೆಮೊರಿ ಮತ್ತು ಸಮಯ ಎರಡೂ ಸಾಲುವುದಿಲ್ಲ. ಮೆಮೊರಿಗಾಗಿ ಓಪನ್‌ಪೈಎಕ್ಸೆಲ್‌ನ ರೈಟ್-ಓನ್ಲಿ ಮೋಡ್ ಇದೆ, ಎಕ್ಸ್‌ಎಲ್‌ಎಸ್‌ಎಕ್ಸ್‌ರೈಟರ್‌ನಲ್ಲಿ ಕಾನ್‌ಸ್ಟಂಟ್-ಮೆಮೊರಿ ಇದೆ. ರೈಟ್-ಓನ್ಲಿಯಲ್ಲಿ ಅಂಕಣದ ಅಗಲ, ಫ್ರೀಜ್ ಎಲ್ಲವನ್ನೂ ಮೊದಲ ಸಾಲು ಬರೆಯುವ ಮೊದಲೇ ಹೇಳಬೇಕು. ಡೇಟಾಬೇಸ್‌ನಿಂದ ತರುವಾಗ ಇಟರೇಟರ್ ಬಳಸಿ. ಪ್ರತಿ ಸಾಲಿಗೂ ಸದಸ್ಯರ ಹೆಸರಿಗಾಗಿ ಬೇರೆ ಕ್ವೆರಿ ಹೋಗದಂತೆ ಸೆಲೆಕ್ಟ್-ರಿಲೇಟೆಡ್ ಹಾಕಿ. ನಿಧಾನವಾಯಿತು ಅಂತ ಎಕ್ಸೆಲ್ ಲೈಬ್ರರಿಯನ್ನು ಬೈಯುವ ಮೊದಲು ಇದನ್ನು ನೋಡಿ.

ಸಮಯದ ವಿಷಯ: ಆಪ್ ನಡೆಸುವ ಸರ್ವರ್ ಗುನಿಕಾರ್ನ್ ತಾನಾಗಿ ಕಾಯುವುದು 30 ಸೆಕೆಂಡ್, ಅದರ ಮುಂದಿರುವ ವೆಬ್ ಸರ್ವರ್ ಎನ್‌ಜಿನ್ಎಕ್ಸ್ 60 ಸೆಕೆಂಡ್. ಈ ಮಿತಿಗಳನ್ನು ಏರಿಸುತ್ತಾ ಹೋಗುವುದು ಸರಿಯಾದ ದಾರಿಯಲ್ಲ. ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿಯುವ ಫೈಲನ್ನು ನಾನು ಸೆಲರಿ ಅನ್ನುವ ಪೈಥಾನ್ ಲೈಬ್ರರಿ ಬಳಸಿ ಹಿನ್ನೆಲೆಯಲ್ಲಿ ತಯಾರಿಸುತ್ತೇನೆ. ಪುಟದಲ್ಲಿ "ತಯಾರಾಗುತ್ತಿದೆ" ಅಂತ ತೋರಿಸಿ, ಮುಗಿದ ಮೇಲೆ ಲಿಂಕ್ ಕೊಡುತ್ತೇನೆ. ಆ ಲಿಂಕ್ ಒಂದು ದಿನಕ್ಕೆ ಸಾಯುತ್ತದೆ, ಫೈಲೂ ಅಳಿಯುತ್ತದೆ.

ಹಂತ 6: ಯಾರಿಗೆ ಎಷ್ಟು?

ವೆಬ್ ಪುಟದಲ್ಲಿ ಒಂದು ಸಲಕ್ಕೆ 25 ಸಾಲು ಕಾಣುತ್ತವೆ. ಎಕ್ಸ್‌ಪೋರ್ಟ್ ಬಟನ್ ಒಂದೇ ಒತ್ತಿಗೆ ಎಲ್ಲವನ್ನೂ ಹೊರಗೆ ಕೊಡುತ್ತದೆ. ಆ ಫೈಲ್ ವಾಟ್ಸಾಪ್‌ನಲ್ಲಿ ಎಲ್ಲಿಗೆ ಹೋಗುತ್ತದೋ ನಿಮ್ಮ ಕೈಯಲ್ಲಿಲ್ಲ. ಹಾಗಾಗಿ ಪುಟಕ್ಕೂ ಎಕ್ಸ್‌ಪೋರ್ಟಿಗೂ ಒಂದೇ ಕ್ವೆರಿ ಫಂಕ್ಷನ್ ಬಳಸಿ. ಪುಟದಲ್ಲಿ ನೋಡಲು ಅನುಮತಿ ಇಲ್ಲದ ಸಾಲು ಫೈಲಿನಲ್ಲೂ ಬರಬಾರದು. ಪುಟದಲ್ಲಿ ಹಾಕಿದ ಫಿಲ್ಟರ್ ಫೈಲಿಗೂ ಅನ್ವಯಿಸಬೇಕು. ಆಧಾರ್ ನಂಬರ್ ಬೇಕಿಲ್ಲದಿದ್ದರೆ ಅಂಕಣವನ್ನೇ ಬಿಡಿ, ಬೇಕಿದ್ದರೆ ಕೊನೆಯ ನಾಲ್ಕು ಅಂಕಿ ಸಾಕು. ಯಾರು, ಯಾವಾಗ, ಯಾವ ಅವಧಿಯದ್ದನ್ನು ಇಳಿಸಿಕೊಂಡರು ಅಂತ ಬರೆದಿಡಿ. ನಮ್ಮ ದೇಶದಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ 2023ರ ಕಾಯ್ದೆಯೇ ಇದೆ. ಕಾಯ್ದೆಯ ಮಾತು ಪಕ್ಕಕ್ಕಿಟ್ಟರೂ, ಅದು 300 ಮನೆಗಳ ಬ್ಯಾಂಕ್ ಖಾತೆಯ ಪಟ್ಟಿ.

ಹಂತ 7: ಪರೀಕ್ಷೆ

ಟೆಸ್ಟ್ ಡೇಟಾದಲ್ಲಿ ಕಷ್ಟಗಳೆಲ್ಲ ತುಂಬಿದ ಒಬ್ಬ ಸದಸ್ಯರನ್ನು ಇಟ್ಟುಕೊಳ್ಳಿ. ಹೆಸರಿನಲ್ಲಿ ಒಂದು ಒತ್ತಕ್ಷರ, ಒಂದು ಅಲ್ಪವಿರಾಮ. ಸೊನ್ನೆಯಿಂದ ಶುರುವಾಗುವ 17 ಅಂಕಿಯ ಖಾತೆ. ಮನೆ ನಂಬರ್ 12/3. ಷರಾ ಜಾಗದಲ್ಲಿ =1+1. ಮೊತ್ತ -250. ಸಮಯ ಏಪ್ರಿಲ್ 1ರ ಬೆಳಗಿನ ಜಾವ 5:15. ಫೈಲ್ ತಯಾರಿಸಿ, ಓಪನ್‌ಪೈಎಕ್ಸೆಲ್‌ನಿಂದಲೇ ತಿರುಗಿ ಓದಿ, ಎಲ್ಲವೂ ಹಾಗೇ ಇದೆಯಾ ಅಂತ ನೋಡುವ ಟೆಸ್ಟ್ ಬರೆಯಿರಿ.

ಆಮೇಲೆ ನಿಮ್ಮ ಲ್ಯಾಪ್‌ಟಾಪ್ ಮುಚ್ಚಿ, ಫೈಲ್ ಬಳಸುವವರ ಪಕ್ಕ ಹೋಗಿ ಕೂತುಕೊಳ್ಳಿ. ಅವರೇ ಬಟನ್ ಒತ್ತಲಿ, ಅವರೇ ತೆರೆಯಲಿ. ಲೀಟರ್ ಅಂಕಣದ ತಲೆಯ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಎಕ್ಸೆಲ್ ಕೆಳಗಿನ ಪಟ್ಟಿಯಲ್ಲಿ ಮೊತ್ತ ತೋರಿಸುತ್ತದೆ. ಅದು ವೆಬ್ ಪುಟದ ಒಟ್ಟು ಲೀಟರಿಗೆ ಸರಿಹೊಂದಬೇಕು. ನಮ್ಮ ಡೈರಿಯಲ್ಲಿ ಕಾರ್ಯದರ್ಶಿಯವರು ಅದನ್ನು ನೋಡಿ, ಪುಸ್ತಕದ ಲೆಕ್ಕಕ್ಕೂ ಒಮ್ಮೆ ಹೋಲಿಸಿ, "ಸರಿಯಿದೆ ಸರ್, ಪ್ರಿಂಟ್ ಕೊಡಿ" ಅಂದರು.